ವಂಡರ್‌ಲಾ: ಬಿಡದಿಯ ಗೇಟಿನಿಂದ ಚೆನ್ನೈನ ಹಳಿಯವರೆಗೆ ಒಂದು ತಲೆಲೆಕ್ಕ

ಬೆಂಗಳೂರಿನ ಹೊರಗೆ ಬಿಡದಿ ಬಳಿ ಇರುವ ವಂಡರ್‌ಲಾ ಮನರಂಜನಾ ಪಾರ್ಕಿನ ಗೇಟಿನಲ್ಲಿ ಮಕ್ಕಳ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ದರ, ಅದರಾಚೆ ಪೂರ್ತಿ ದರ. ಆರನೇ ಕ್ಲಾಸಿನ ಹುಡುಗ ಸ್ವಲ್ಪ ಉದ್ದ ಬೆಳೆದಿದ್ದರೆ ಅಪ್ಪನಷ್ಟೇ ದುಡ್ಡು. ಅಪ್ಪಂದಿರಿಗೆ ಇದು ಅನ್ಯಾಯ ಅನ್ನಿಸಬಹುದು, ಆದರೆ ಒಳಗಿನ ಲೆಕ್ಕಕ್ಕೆ ಇದೇ ಸರಿ. ಯಾವ ರೈಡ್ ಹತ್ತಬಹುದು ಎಂದು ತೀರ್ಮಾನಿಸುವುದು ಎತ್ತರವೇ ಹೊರತು ವಯಸ್ಸಲ್ಲ, ಹತ್ತಿದವನು ಒಂದು ಸೀಟು ತುಂಬುತ್ತಾನೆ. ವಂಡರ್‌ಲಾ ಮಾರುವ ಸರಕು ಆ ಸೀಟು. ಇವತ್ತು ಖಾಲಿ ಹೋದ ಸೀಟನ್ನು ನಾಳೆಗೆ ಎತ್ತಿಟ್ಟು ಮಾರಲಾಗುವುದಿಲ್ಲ. ಕಂಪನಿಯನ್ನು ಅಳೆಯುವಾಗ ಮೊದಲು ಹಿಡಿಯಬೇಕಾದ ತುದಿ ಇದು.

ಹಿನ್ನೆಲೆ ಚುಟುಕಾಗಿ. ಸ್ಟೆಬಿಲೈಸರ್ ತಯಾರಿಸುವ ವಿ-ಗಾರ್ಡ್ ಕಂಪನಿಯ ಸ್ಥಾಪಕ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯ ಪಳ್ಳಿಕ್ಕರದಲ್ಲಿ ವೀಗಾಲ್ಯಾಂಡ್ ಎಂಬ ಪಾರ್ಕು ತೆರೆದರು. ಈಗ ಅದೂ ವಂಡರ್‌ಲಾ. 2005ರಲ್ಲಿ ಬೆಂಗಳೂರು, 2016ರ ಏಪ್ರಿಲ್‌ನಲ್ಲಿ ಹೈದರಾಬಾದಿನ ರಾವಿರ್ಯಾಲ, 2024ರ ಮೇ ತಿಂಗಳಲ್ಲಿ ಭುವನೇಶ್ವರದ ಹತ್ತಿರ, 2025ರ ಡಿಸೆಂಬರ್‌ನಲ್ಲಿ ಚೆನ್ನೈ. 2014ರಲ್ಲಿ ಷೇರುಪೇಟೆಗೆ ಬಂದಾಗ ಷೇರಿಗೆ 125 ರೂಪಾಯಿಯಂತೆ ಸುಮಾರು 181 ಕೋಟಿ ಎತ್ತಿದ್ದರು. ಆ ದುಡ್ಡಿನ ದೊಡ್ಡ ಉದ್ದೇಶವೇ ಹೈದರಾಬಾದ್ ಪಾರ್ಕು. ಈಗ ವ್ಯವಸ್ಥಾಪಕ ನಿರ್ದೇಶಕರು ಮಗ ಅರುಣ್ ಚಿಟ್ಟಿಲಪ್ಪಿಳ್ಳಿ. ಮೊದಲ ಮೂರು ಪಾರ್ಕುಗಳಿಗೆ 16 ವರ್ಷ ಹಿಡಿಯಿತು, ಕೊನೆಯ ಎರಡು ಹದಿನೆಂಟು–ಹತ್ತೊಂಬತ್ತು ತಿಂಗಳ ಅಂತರದಲ್ಲಿ ಬಂದವು. ವೇಗ ಬದಲಾಗಿರುವುದು ಕಣ್ಣಿಗೆ ಕಾಣುತ್ತದೆ. ಯಾಕೆ ಬದಲಾಯಿತು ಎಂಬುದಕ್ಕೆ ಅಂಕಿ ನೋಡಬೇಕು.

ಇಂಥ ಕಂಪನಿಯ ಲೆಕ್ಕಪತ್ರದಲ್ಲಿ ಎರಡೇ ಸಂಖ್ಯೆ ಹುಡುಕಿದರೆ ಸಾಕು: ವರ್ಷಕ್ಕೆ ಎಷ್ಟು ಜನ ಬಂದರು, ಒಬ್ಬೊಬ್ಬರು ಎಷ್ಟು ಬಿಟ್ಟು ಹೋದರು. ಕೋವಿಡ್‌ಗೆ ಮುಂಚಿನ ಕೊನೆಯ ವರ್ಷ, 2019–20ರಲ್ಲಿ, ಸುಮಾರು 24 ಲಕ್ಷ ಜನ ಬಂದಿದ್ದರು, ಆದಾಯ ಸುಮಾರು 271 ಕೋಟಿ. ತಲೆಗೆ 1,130 ರೂಪಾಯಿ. 2022–23ರಲ್ಲಿ ಜನ 33 ಲಕ್ಷ, ಆದಾಯ 429 ಕೋಟಿ, ತಲೆಗೆ 1,300. ಮರುವರ್ಷ 2023–24ರಲ್ಲಿ ಜನ ಸ್ವಲ್ಪ ಇಳಿದು 32.5 ಲಕ್ಷವಾದರು, ಆದಾಯ ಮಾತ್ರ 483 ಕೋಟಿಗೆ ಏರಿತು. ಅಂದರೆ ತಲೆಗೆ ಹೆಚ್ಚುಕಡಿಮೆ 1,485. 2024–25ರಲ್ಲಿ ನಾಲ್ಕನೇ ಪಾರ್ಕು ಸೇರಿದ ಮೇಲೂ ಒಟ್ಟು ಜನ 30 ಲಕ್ಷದ ಆಸುಪಾಸಿಗೆ ಬಂದರು, ಆದಾಯ ಸುಮಾರು 458 ಕೋಟಿ, ತಲೆಗೆ 1,500 ದಾಟಿತು.

ಈ ನಾಲ್ಕು ಸಾಲು ಹೇಳುವುದು ಇಷ್ಟು: ಕೋವಿಡ್ ಮುಗಿದ ತಕ್ಷಣ ಒಮ್ಮೆ ಜನ ನುಗ್ಗಿದರು. ಎರಡು ವರ್ಷ ಮನೆಯಲ್ಲಿ ಕೂತವರು ಹೊರಬಿದ್ದಾಗ ಎಲ್ಲ ಕಡೆ ಆದದ್ದು ಇಲ್ಲೂ ಆಯಿತು. ಆಮೇಲಿನ ಬೆಳವಣಿಗೆಯೆಲ್ಲ ದರದಿಂದ ಬಂದದ್ದು, ತಲೆಯಿಂದಲ್ಲ. ಇದು ಹೊಸ ಕಾಯಿಲೆಯೂ ಅಲ್ಲ. 2016ರಲ್ಲಿ ಹೈದರಾಬಾದ್ ಸೇರಿದ ಮೇಲೂ ಕೋವಿಡ್ ತನಕ ಮೂರು ಪಾರ್ಕುಗಳ ಒಟ್ಟು ಸಂಖ್ಯೆ 25 ಲಕ್ಷದ ಸುತ್ತಮುತ್ತಲೇ ಸುತ್ತುತ್ತಿತ್ತು. ಹೊಸ ಪಾರ್ಕು ಎಷ್ಟು ಜನರನ್ನು ತಂದಿತೋ ಹೆಚ್ಚುಕಡಿಮೆ ಅಷ್ಟನ್ನು ಹಳೆಯ ಪಾರ್ಕುಗಳು ಕಳೆದುಕೊಂಡವು. ನಾಲ್ಕು ಜನರ ಮನೆಗೆ ಟಿಕೆಟ್, ಊಟ, ಲಾಕರ್, ಪೆಟ್ರೋಲ್ ಸೇರಿ ಒಂದು ದಿನಕ್ಕೆ ಏಳೆಂಟು ಸಾವಿರ ಆಗುವಾಗ, ವರ್ಷಕ್ಕೊಮ್ಮೆ ಬರುತ್ತಿದ್ದ ಕುಟುಂಬ ಎರಡು ವರ್ಷಕ್ಕೊಮ್ಮೆ ಬರುತ್ತದೆ. ದರ ಏರಿಕೆಯ ನಿಜವಾದ ಬೆಲೆ ಇದು. ಅದು ಟಿಕೆಟ್ ಕೌಂಟರಿನಲ್ಲಿ ಕಾಣುವುದಿಲ್ಲ, ಎರಡು ವರ್ಷ ಬಿಟ್ಟು ಜನರ ಸಂಖ್ಯೆಯಲ್ಲಿ ಕಾಣುತ್ತದೆ.

ಲಾಭದ ಕಡೆ ನೋಡಿ. 2023–24ರಲ್ಲಿ ತೆರಿಗೆ ಕಳೆದು 158 ಕೋಟಿ, 2024–25ರಲ್ಲಿ 109 ಕೋಟಿ. ಆದಾಯ ಇಳಿದದ್ದು ನೂರಕ್ಕೆ ಐದು, ಲಾಭ ಇಳಿದದ್ದು ನೂರಕ್ಕೆ ಮೂವತ್ತು. ನೌಕರರ ಷೇರು ಯೋಜನೆಯ ಖರ್ಚು, ಹೊಸ ಪಾರ್ಕಿನ ಸವಕಳಿ (ಕಟ್ಟಿದ ಖರ್ಚನ್ನು ವರ್ಷವರ್ಷಕ್ಕೆ ಹಂಚಿ ಕಳೆಯುವುದು) ಇವೆಲ್ಲ ಅದರಲ್ಲಿ ಸೇರಿವೆ, ನಿಜ. ಆದರೆ ಮೂಲ ಕಾರಣ ಈ ಧಂದೆಯ ಮೂಳೆಯಲ್ಲೇ ಇದೆ. ಆಷಾಢದ ಒಂದು ಮಂಗಳವಾರ ಸಾವಿರ ಜನ ಬರಲಿ, ಮೇ ತಿಂಗಳ ಶನಿವಾರ ಏಳೆಂಟು ಸಾವಿರ ಬರಲಿ, ಅಲೆಗಳ ಕೊಳದ ಸುತ್ತ ನಿಲ್ಲುವ ಜೀವರಕ್ಷಕರ ಸಂಖ್ಯೆ ಅರ್ಧಕ್ಕೆ ಇಳಿಯುವುದಿಲ್ಲ. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಪ್ರತಿ ರೈಡನ್ನೂ ಖಾಲಿ ಓಡಿಸಿ ನೋಡಲೇಬೇಕು. ಪಂಪು ಓಡಲೇಬೇಕು, ನೀರು ಸೋಸಲೇಬೇಕು, ಕ್ಲೋರಿನ್ ಮಟ್ಟ ಗಂಟೆಗಂಟೆಗೆ ನೋಡಲೇಬೇಕು. ಖರ್ಚಿನ ದೊಡ್ಡ ಪಾಲು ಗೇಟು ತೆರೆದ ಕ್ಷಣದಲ್ಲೇ ಆಗಿಬಿಟ್ಟಿರುತ್ತದೆ. ಆ ಖರ್ಚು ಹುಟ್ಟುವಷ್ಟು ಜನ ಬಂದ ಮೇಲೆ ಬರುವ ಪ್ರತಿಯೊಬ್ಬರ ದುಡ್ಡಿನಲ್ಲೂ ಬಹುಪಾಲು ಲಾಭ. ಹುಟ್ಟದಿದ್ದರೆ ಅಷ್ಟೇ ಜೋರಾಗಿ ಕೈ ಕಚ್ಚುತ್ತದೆ.

ಹಾಗಾಗಿ ಈ ಕಂಪನಿಯ ತ್ರೈಮಾಸಿಕ ಫಲಿತಾಂಶವನ್ನು ಹಿಂದಿನ ತ್ರೈಮಾಸಿಕದ ಜೊತೆ ಹೋಲಿಸುವುದು ದಂಡ. ಏಪ್ರಿಲ್–ಜೂನ್ ಬೇಸಿಗೆ ರಜೆ, ವರ್ಷದ ಅನ್ನ ಅಲ್ಲೇ. ಜುಲೈ–ಸೆಪ್ಟೆಂಬರ್ ಮಳೆ, ಶಾಲೆ, ಹಬ್ಬದ ಖರ್ಚು; ಪಾರ್ಕಿಗೆ ಬರುವವರು ಕಡಿಮೆ. ಅಕ್ಟೋಬರ್–ಡಿಸೆಂಬರಿನಲ್ಲಿ ದಸರಾ ರಜೆ, ಶಾಲಾ ಪ್ರವಾಸದ ಬಸ್ಸುಗಳು, ಕ್ರಿಸ್‌ಮಸ್ ವಾರ. ಜನವರಿ–ಮಾರ್ಚ್ ಪರೀಕ್ಷೆಯ ಗಾಳಿ. ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಮಾತ್ರ ಹೋಲಿಸಬೇಕು. ಶಾಲಾ ಪ್ರವಾಸದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗುಂಪಿನ ರಿಯಾಯಿತಿಯಿಂದ ಬರುವ ಮಕ್ಕಳು ತಲೆಯ ಲೆಕ್ಕ ಏರಿಸುತ್ತಾರೆ, ತಲಾ ಆದಾಯ ಇಳಿಸುತ್ತಾರೆ. ಆ ಮೂರು ತಿಂಗಳಲ್ಲಿ ತಲಾ ಆದಾಯ ತುಸು ಇಳಿದರೆ ಗಾಬರಿ ಬೇಡ. ಆ ಮಕ್ಕಳು ವಾರದ ದಿನ, ಇಲ್ಲದಿದ್ದರೆ ಖಾಲಿ ಇರುತ್ತಿದ್ದ ಸೀಟಿನಲ್ಲಿ ಕೂರುವವರು.

ಈಗ ಒಂದು ರೈಡಿನ ಹತ್ತಿರ ಹೋಗಿ ನಿಲ್ಲೋಣ. ಬೆಂಗಳೂರು ಪಾರ್ಕಿನ ರೀಕಾಯಿಲ್ ನೆದರ್ಲೆಂಡ್ಸ್‌ನ ವೆಕೋಮ ಕಂಪನಿಯ ಬೂಮರಾಂಗ್ ಮಾದರಿಯದು. ರೈಲನ್ನು ಹಿಂದಕ್ಕೆಳೆದು ಗೋಪುರದ ತುದಿಗೆ ಒಯ್ದು ಬಿಡುತ್ತಾರೆ. ಅದು ನಿಲ್ದಾಣದ ಮೂಲಕವೇ ನುಗ್ಗಿ, ತಲೆಕೆಳಗಾಗುವ ತಿರುವುಗಳನ್ನು ದಾಟಿ, ಎದುರಿನ ಗೋಪುರ ಹತ್ತಿ, ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಮಜಾ ಇರುವುದು ಅಲ್ಲಿ, ತೊಡಕು ಇರುವುದೂ ಅಲ್ಲೇ. ಹೋದ ಹಳಿಯಲ್ಲೇ ವಾಪಸ್ ಬರುವುದರಿಂದ ಏಕಕಾಲಕ್ಕೆ ಎರಡನೇ ರೈಲು ಓಡಿಸಲಾಗುವುದಿಲ್ಲ. ಈ ಮಾದರಿಯ ರೈಲಿನಲ್ಲಿ ಸಾಮಾನ್ಯವಾಗಿ 28 ಸೀಟು. ಕೂರಿಸಿ, ಭುಜದ ಪಟ್ಟಿ ಒಂದೊಂದನ್ನೂ ಎಳೆದು ನೋಡಿ, ಓಡಿಸಿ, ಇಳಿಸಿ, ಮತ್ತೆ ಹತ್ತಿಸಲು ನಾಲ್ಕು ನಿಮಿಷ ಹಿಡಿಯಿತು ಎಂದರೆ ಗಂಟೆಗೆ 15 ಸುತ್ತು, 420 ಜನ. ರೈಡ್ ದಿನಕ್ಕೆ ಆರು ಗಂಟೆ ತಡೆಯಿಲ್ಲದೆ ಓಡಿದರೂ 2,520 ಜನ. ಆ ದಿನ ಪಾರ್ಕಿನಲ್ಲಿ ಏಳು ಸಾವಿರ ಜನ ಇದ್ದರೆ ಮೂವರಲ್ಲಿ ಇಬ್ಬರಿಗೆ ಸೀಟೇ ಇಲ್ಲ. ನಿರ್ವಾಹಕರು ಹತ್ತಿಸುವುದನ್ನು ಮೂರು ನಿಮಿಷಕ್ಕೆ ಇಳಿಸಿದರೆ ಗಂಟೆಗೆ 560. ಒಂದು ನಿಮಿಷ ಉಳಿಸಿದ್ದಕ್ಕೆ ದಿನಕ್ಕೆ 840 ಸೀಟು ಹೆಚ್ಚು. ಕೋಟಿಗಟ್ಟಲೆ ಸುರಿದು ಹೊಸ ರೈಡ್ ಹಾಕುವುದಕ್ಕಿಂತ ಚಪ್ಪಲಿ, ಕನ್ನಡಕ, ಮೊಬೈಲ್ ಇಡುವ ಗೂಡನ್ನು ಸರಿಯಾದ ಜಾಗದಲ್ಲಿ ಇಡುವುದು ಅಗ್ಗ. ಹಳೆಯ ಪಾರ್ಕುಗಳಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ವಾರಾಂತ್ಯದ ಕ್ಯೂ ನೋಡಿದವರಿಗೆ ಗೊತ್ತಾಗುತ್ತದೆ.

ಈ ಕೊರತೆಯನ್ನೇ ಮಾರುವ ಸರಕು ಫಾಸ್ಟ್‌ಟ್ರ್ಯಾಕ್ ಟಿಕೆಟ್. ಸಾಮಾನ್ಯ ಟಿಕೆಟಿಗಿಂತ ಬಹಳ ಹೆಚ್ಚು ದರ, ಕ್ಯೂ ತಪ್ಪಿಸುವ ಹಕ್ಕು. ಕಂಪನಿಗೆ ಇದು ಹೆಚ್ಚುವರಿ ಖರ್ಚಿಲ್ಲದ ಆದಾಯ, ತಲಾ ಆದಾಯದ ಅಂಕಿಗೆ ಒಳ್ಳೆಯ ಗೊಬ್ಬರ. ಆದರೆ 28 ಸೀಟಿನಲ್ಲಿ ಎಂಟನ್ನು ಫಾಸ್ಟ್‌ಟ್ರ್ಯಾಕ್‌ನವರಿಗೆ ಕೊಟ್ಟರೆ ಉಳಿದ ಕ್ಯೂ 20 ಸೀಟಿನ ರೈಲಿಗೆ ಕಾಯುತ್ತದೆ, ಒಂದು ಗಂಟೆಯ ಕಾಯುವಿಕೆ 84 ನಿಮಿಷವಾಗುತ್ತದೆ. ಒಂದು ಮಿತಿಯೊಳಗೆ ಮಾರಿದರೆ ಯಾರಿಗೂ ತೊಂದರೆಯಿಲ್ಲ, ಮಿತಿ ಮೀರಿದರೆ ಸಾಮಾನ್ಯ ಟಿಕೆಟಿನವನು ಮತ್ತೆ ಬರುವುದಿಲ್ಲ. ಗ್ರಾಹಕರಿಗೆ ಇಲ್ಲಿ ಸರಳ ಲೆಕ್ಕ: ವಾರದ ದಿನ ಫಾಸ್ಟ್‌ಟ್ರ್ಯಾಕ್ ದಂಡ. ಬೇಸಿಗೆ ವಾರಾಂತ್ಯಕ್ಕೆ ಹೋಗಲೇಬೇಕಾದರೆ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಇದ್ದು, ಮೊದಲ ಗಂಟೆಯಲ್ಲಿ ರೀಕಾಯಿಲ್‌ನಂಥ ದೊಡ್ಡ ಒಣ ರೈಡುಗಳನ್ನು ಮುಗಿಸಿ. ನೀರಿನ ರೈಡುಗಳು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ತೆರೆಯುತ್ತವೆ, ಆಗ ಅರ್ಧ ಜನ ಅತ್ತ ಹರಿಯುತ್ತಾರೆ, ಒಣ ರೈಡುಗಳ ಕ್ಯೂ ಕರಗುತ್ತದೆ. ಕಾಟನ್ ಬಟ್ಟೆಗೆ ನೀರಿನಲ್ಲಿ ಪ್ರವೇಶವಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಮನೆಯಿಂದ ಒಯ್ಯದಿದ್ದರೆ ಒಳಗಿನ ಅಂಗಡಿಯಲ್ಲಿ ಕೊಳ್ಳಬೇಕಾಗುತ್ತದೆ. ಕಾಟನ್ನಿನ ನೂಲೆಳೆ ಫಿಲ್ಟರಿಗೆ ಸಿಕ್ಕಿ ಕಟ್ಟಿಕೊಳ್ಳುತ್ತದೆ ಎಂಬ ಕಾರಣ ನಿಜವೇ. ಅಂಗಡಿಗೆ ವ್ಯಾಪಾರ ಆಗುವುದೂ ನಿಜ.

ಅಂದ ಹಾಗೆ, ಟಿಕೆಟ್ ಅಲ್ಲದ ಆದಾಯ, ಅಂದರೆ ಊಟ, ಅಂಗಡಿ, ಲಾಕರ್ ಇತ್ಯಾದಿ, ಒಟ್ಟು ಆದಾಯದ ಕಾಲು ಭಾಗಕ್ಕಿಂತ ಹೆಚ್ಚಿದೆ. ಪಾರ್ಕಿನೊಳಗಿನ ಊಟದ ಹೋಟೆಲುಗಳನ್ನು ಗುತ್ತಿಗೆಗೆ ಕೊಡುವ ಬದಲು ಕಂಪನಿಯೇ ನಡೆಸತೊಡಗಿದ್ದು ಇದಕ್ಕೆ ದೊಡ್ಡ ಕಾರಣ. ಹೊರಗಿನ ತಿಂಡಿಗೆ ಗೇಟಿನಲ್ಲೇ ತಡೆ ಇರುವಾಗ ಒಳಗಿನ ಅಡುಗೆಗೆ ಪೈಪೋಟಿ ಇಲ್ಲ. ಇಲ್ಲಿ ಬೆಳೆಯಲು ಇನ್ನೂ ಜಾಗ ಇದೆ, ಆದರೆ ದರ ಏರಿಸಿ ಅಲ್ಲ, ಸಾಲು ತಗ್ಗಿಸಿ. ಮಧ್ಯಾಹ್ನ ಒಂದರಿಂದ ಎರಡೂವರೆವರೆಗೆ ಎಲ್ಲರಿಗೂ ಒಟ್ಟಿಗೆ ಹಸಿವು. ಆ ತೊಂಬತ್ತು ನಿಮಿಷದಲ್ಲಿ ಬಡಿಸಲಾಗದ ಊಟ ಮಾರಾಟವಾಗದ ಊಟ. ನಾಲ್ಕು ಬಗೆಯ ಊಟವನ್ನು ಬೇಗ ಕೊಡುವ ಕೌಂಟರು ನಲವತ್ತು ಬಗೆಯ ಮೆನುಗಿಂತ ಹೆಚ್ಚು ಗಳಿಸುತ್ತದೆ.

ರೆಸಾರ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಡದಿ ಪಾರ್ಕಿನ ಪಕ್ಕ 84 ಕೋಣೆಗಳ ಹೋಟೆಲು 2012ರಿಂದ ಇದೆ, 2025ರಲ್ಲಿ ನೀರಿನಂಚಿನ ‘ದಿ ಐಲ್’ ಸೇರಿತು. ಎರಡನೇ ದಿನದ ಟಿಕೆಟ್ ಮಾರಲು ಅನುಕೂಲ, ಮದುವೆ–ಕಂಪನಿ ಸಭೆಗಳಿಗೆ ಅನುಕೂಲ. ಕಂಪನಿಯ ಹಣೆಬರಹ ಬದಲಿಸುವ ಗಾತ್ರ ಅದಕ್ಕಿಲ್ಲ.

ವಂಡರ್‌ಲಾದ ಅತಿ ದೊಡ್ಡ ಗುಣ ಸಾಲ ಮಾಡದಿರುವುದು. 2020–21ರಲ್ಲಿ ಗೇಟುಗಳು ಮುಚ್ಚಿದ್ದವು, ಆದಾಯ 40 ಕೋಟಿಯನ್ನೂ ಮುಟ್ಟಲಿಲ್ಲ, ನಷ್ಟ ಸುಮಾರು 50 ಕೋಟಿ. ಬಡ್ಡಿಯ ಹೊರೆ ಇಲ್ಲದ್ದರಿಂದ ಕಂಪನಿ ಉಸಿರಾಡಿತು. ಇದರ ಬೆಲೆ ಗೊತ್ತಾಗಬೇಕಾದರೆ ಖೋಪೋಲಿಯ ಇಮ್ಯಾಜಿಕಾ ನೋಡಬೇಕು. 2013ರಲ್ಲಿ ಮುಂಬೈ–ಪುಣೆ ನಡುವೆ ಭಾರಿ ಖರ್ಚಿನಲ್ಲಿ ಎದ್ದ ಪಾರ್ಕದು. ರೈಡುಗಳಲ್ಲಿ ಕೊರತೆ ಇರಲಿಲ್ಲ. ಸಾವಿರ ಕೋಟಿ ಮೀರಿದ ಸಾಲಕ್ಕೆ ಸಾಕಾಗುವಷ್ಟು ಜನ ಬರಲಿಲ್ಲ. ಕೊನೆಗೆ 2022ರಲ್ಲಿ ಮಲ್ಪಾನಿ ಸಮೂಹದ ಕೈಗೆ ಹೋಯಿತು. ಮಳೆಗಾಲದಲ್ಲಿ ಜನ ಬರುವುದು ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಕೊಚ್ಚಿಯವರ ಜಾಣತನ ಇಲ್ಲಿ ಗೆದ್ದಿತು. ತುಂಬ ರೈಡುಗಳನ್ನು ಕೊಚ್ಚಿಯ ತಮ್ಮದೇ ಕಾರ್ಖಾನೆಯಲ್ಲಿ ಮಾಡಿಕೊಳ್ಳುವುದೂ ಅದೇ ಬುದ್ಧಿ. ಆಮದು ಸುಂಕ ಉಳಿಯುತ್ತದೆ, ಬಿಡಿಭಾಗಕ್ಕೆ ಯುರೋಪಿನಿಂದ ಹಡಗು ಬರುವವರೆಗೆ ರೈಡ್ ಮುಚ್ಚಿಡಬೇಕಿಲ್ಲ. ಆದರೆ ಹಾಗೆ ಮಾಡಿದ ರೈಡಿನ ಹೆಸರು ಕೇಳಿ ಯಾರೂ ಇನ್ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಬರುವುದಿಲ್ಲ. ಹೆಸರಿನ ರೈಡಿಗೆ ಹೊರಗಿನ ತಯಾರಕರೇ ಬೇಕು.

ಹೊಸ ಎರಡು ಪಾರ್ಕುಗಳು ಎರಡು ಬೇರೆ ಬೇರೆ ದಾರಿ. ಭುವನೇಶ್ವರದ್ದು ಖುರ್ದಾ ಜಿಲ್ಲೆಯ ಕುಂಭಾರಬಸ್ತಾದಲ್ಲಿ ಸುಮಾರು 50 ಎಕರೆ, ಒಡಿಶಾ ಸರ್ಕಾರದಿಂದ 90 ವರ್ಷದ ಗುತ್ತಿಗೆ. 21 ರೈಡು, ಖರ್ಚು ಸುಮಾರು 190 ಕೋಟಿ. ಭೂಮಿಗೆ ದುಡ್ಡು ಹೂಳದೆ, ಎರಡನೇ ಹಂತದ ಊರಿನಲ್ಲಿ ಚಿಕ್ಕದಾಗಿ ಶುರುಮಾಡಿ, ಜನ ಬಂದ ಹಾಗೆ ರೈಡ್ ಸೇರಿಸುವ ದಾರಿ ಅದು. ಜನ ಕಡಿಮೆ ಬಂದರೂ ಕಂಪನಿ ಮುಳುಗುವುದಿಲ್ಲ. ಬೇರೆ ರಾಜ್ಯ ಸರ್ಕಾರಗಳ ಜೊತೆ ಇದೇ ಮಾದರಿಯಲ್ಲಿ ಮಾತಾಡುವುದು ಸರಿಯಾದ ನಡೆ.

ಚೆನ್ನೈ ಇದಕ್ಕೆ ತದ್ವಿರುದ್ಧ. ಹಳೆ ಮಹಾಬಲಿಪುರಂ ರಸ್ತೆಯ ಕಡೆ, ತಿರುಪ್ಪೋರೂರು ಬಳಿ 64 ಎಕರೆ ಸ್ವಂತ ಭೂಮಿ. ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆಯ ತಕರಾರಿನಿಂದ ಯೋಜನೆ ವರ್ಷಗಟ್ಟಲೆ ನಿಂತಿತ್ತು. ಟಿಕೆಟಿನ ಮೇಲೆ ಜಿಎಸ್‌ಟಿ ಒಂದು ಕಡೆ (2018ರ ಜನವರಿಯಲ್ಲಿ ಅದು 28ರಿಂದ 18 ಶೇಕಡಕ್ಕೆ ಇಳಿಯಿತು), ಅದರ ಮೇಲೆ ಇನ್ನೊಂದು ಹತ್ತು ಶೇಕಡ ಎಂದರೆ ಲೆಕ್ಕ ಕೂರುತ್ತಿರಲಿಲ್ಲ. ತಮಿಳುನಾಡು ಹತ್ತು ವರ್ಷದ ವಿನಾಯಿತಿ ಕೊಟ್ಟ ಮೇಲೆ ಕೆಲಸ ಶುರುವಾಯಿತು. ಅಷ್ಟರಲ್ಲಿ ಖರ್ಚು 611 ಕೋಟಿಗೆ ಬಂತು. ದುಡ್ಡಿಗಾಗಿ 2024ರ ಡಿಸೆಂಬರ್‌ನಲ್ಲಿ ದೊಡ್ಡ ಹೂಡಿಕೆದಾರರಿಗೆ ಹೊಸ ಷೇರು ಕೊಟ್ಟು 540 ಕೋಟಿ ಎತ್ತಿದರು. ಸಾಲ ತಪ್ಪಿತು, ಹಳೆಯ ಷೇರುದಾರರ ಪಾಲು ತೆಳುವಾಯಿತು. 43 ರೈಡು, ದಿನಕ್ಕೆ 6,500 ಜನರ ಸಾಮರ್ಥ್ಯ, ಆರಂಭಿಕ ಟಿಕೆಟ್ 1,489 ರೂಪಾಯಿ. ಮುಖ್ಯ ಆಕರ್ಷಣೆ ‘ತಂಜೋರ’. ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಬಿಲಾರ್ಡ್ ಮಾಡಿದ, ಹಳಿಯ ಕೆಳಗೆ ಕಾಲು ತೂಗಾಡಿಸಿಕೊಂಡು ಓಡುವ ರೋಲರ್ ಕೋಸ್ಟರ್. ಆ ಕಂಪನಿ ಮಾಡಿದ ಆ ಬಗೆಯದು ಭಾರತದಲ್ಲಿ ಅದೇ ಮೊದಲು. ಹೆಸರಿನ ರೈಡ್ ಎಂದರೆ ಇಂಥದ್ದು.

ಲೆಕ್ಕ ಕೂರುತ್ತದೆಯೇ? ಊಹೆಯ ಅಂಕಿ ಇಟ್ಟುಕೊಂಡು ನೋಡೋಣ. ವರ್ಷಕ್ಕೆ 10 ಲಕ್ಷ ಜನ, ತಲೆಗೆ 1,500. ಆದಾಯ 150 ಕೋಟಿ. ನಡೆಸುವ ಖರ್ಚು ಕಳೆದು ನೂರಕ್ಕೆ 45 ಉಳಿದರೆ 67 ಕೋಟಿ. ಭೂಮಿ ಬಿಟ್ಟು 500 ಕೋಟಿಯ ಆಸ್ತಿಯನ್ನು 15 ವರ್ಷದಲ್ಲಿ ಸವಕಳಿ ಹಾಕಿದರೆ ವರ್ಷಕ್ಕೆ 33 ಕೋಟಿ. ತೆರಿಗೆಗೆ ಮುಂಚೆ ಉಳಿಯುವುದು 34 ಕೋಟಿ, 611 ಕೋಟಿಯ ಮೇಲೆ ಐದೂವರೆ ಶೇಕಡ. ಬ್ಯಾಂಕಿನ ಎಫ್‌ಡಿಯೇ ವಾಸಿ. ಜನ 12 ಲಕ್ಷವಾದರೆ ಆದಾಯ 30 ಕೋಟಿ ಏರುತ್ತದೆ, ಖರ್ಚು ಹೆಚ್ಚು ಏರುವುದಿಲ್ಲವಾದ್ದರಿಂದ ಅದರಲ್ಲಿ 24 ಕೋಟಿ ಕೈಗೆ ಬರುತ್ತದೆ. ಆಗ 58 ಕೋಟಿ, ಒಂಬತ್ತೂವರೆ ಶೇಕಡ. ಎಂಟು ಲಕ್ಷಕ್ಕೆ ಇಳಿದರೆ ಉಳಿಯುವುದು ಹತ್ತೇ ಕೋಟಿ. ಎರಡು ಲಕ್ಷ ಜನ ಅತ್ತಿತ್ತ ಆದರೆ ಪಾರ್ಕಿನ ಜಾತಕವೇ ಬೇರೆ. 12 ಲಕ್ಷ ಎಂದರೆ ಸರಾಸರಿ ದಿನಕ್ಕೆ 3,300, ಸಾಮರ್ಥ್ಯದ ಅರ್ಧ. ಅಸಾಧ್ಯವೇನಲ್ಲ. ಆದರೆ ಇಪ್ಪತ್ತು ವರ್ಷ ಹಳೆಯ ಬೆಂಗಳೂರು ಪಾರ್ಕೇ 10 ಲಕ್ಷದ ಆಸುಪಾಸಿನಲ್ಲಿ ಓಡುವಂಥದ್ದು ಎಂಬುದು ನೆನಪಿರಲಿ. ಚೆನ್ನೈನಲ್ಲಿ ಮಾರ್ಚಿನಿಂದಲೇ ಸೆಖೆ, ನೀರಿನ ಆಟಕ್ಕೆ ಅದು ಒಳ್ಳೆಯದೇ. ಅಕ್ಟೋಬರ್–ಡಿಸೆಂಬರಿನ ಹಿಂಗಾರು ಮಾತ್ರ ಶಾಲಾ ಪ್ರವಾಸದ ಹಂಗಾಮಿನ ಮೇಲೆಯೇ ಬೀಳುತ್ತದೆ. ಬೆಂಗಳೂರು, ಹೈದರಾಬಾದಿನ ಕ್ಯಾಲೆಂಡರನ್ನು ಅಲ್ಲಿಗೆ ಹಾಗೇ ಅಂಟಿಸಿದರೆ ತಪ್ಪುತ್ತದೆ.

ನಮಗೆ ಹೆಚ್ಚು ಚಿಂತೆ ಇರುವುದು ಹಳೆಯ ಪಾರ್ಕುಗಳ ಬಗ್ಗೆ. ದುಡ್ಡು, ಗಮನ ಎರಡೂ ಹೊಸ ಊರಿಗೆ ಹೋಗುವಾಗ ಬಿಡದಿ, ಕೊಚ್ಚಿಗಳಿಗೆ ಬಣ್ಣ ಬಳಿಯುವ ಕೆಲಸವಷ್ಟೇ ಉಳಿಯುವ ಅಪಾಯ ಇದೆ. ನಾಲ್ಕು ಸಲ ಬಂದವನನ್ನು ಐದನೇ ಸಲ ಕರೆಸಲು ಎರಡು–ಮೂರು ವರ್ಷಕ್ಕೊಂದು ದೊಡ್ಡ ರೈಡ್ ಬೇಕು. ಬೆಂಗಳೂರಿಗೆ ಇನ್ನೊಂದು ತೊಡಕು ರಸ್ತೆಯದು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೈಸೂರಿನವರಿಗೆ ಪಾರ್ಕು ಹತ್ತಿರವಾಯಿತು, ಆದರೆ ವೈಟ್‌ಫೀಲ್ಡ್ ಕಡೆಯ ಕುಟುಂಬಕ್ಕೆ ವಾರಾಂತ್ಯದಲ್ಲಿ ಊರು ದಾಟುವುದೇ ಅರ್ಧ ದಿನ. ನೇರಳೆ ಮೆಟ್ರೊ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಓಡುತ್ತಿದೆ. ಅಲ್ಲಿಂದ ಪಾರ್ಕಿನ ಗೇಟಿಗೆ, ಟಿಕೆಟಿನಲ್ಲೇ ಸೇರಿಸಿದ ದರದಲ್ಲಿ, ಬೆಳಿಗ್ಗೆ ಹದಿನೈದು ನಿಮಿಷಕ್ಕೊಂದು ಬಸ್ಸು ಓಡಿಸಿದರೆ ಆಗುವ ಖರ್ಚು ಒಂದು ಆಮದು ರೈಡಿನ ಬೆಲೆಯ ಮುಂದೆ ಚಿಲ್ಲರೆ.

ಮುಂದಿನ ಫಲಿತಾಂಶಗಳು ಬಂದಾಗ ಒಟ್ಟು ಜನರ ಸಂಖ್ಯೆ ಖಂಡಿತ ಏರಿರುತ್ತದೆ, ಚೆನ್ನೈ ಸೇರಿದೆಯಲ್ಲ. ಅದನ್ನು ಪಕ್ಕಕ್ಕಿಟ್ಟು ಬೆಂಗಳೂರು, ಕೊಚ್ಚಿ, ಹೈದರಾಬಾದ್ ಮೂರರ ಸಂಖ್ಯೆಯನ್ನು ಮಾತ್ರ ಕೂಡಿ, ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸಿ ನೋಡಿ. ಆಮೇಲೆ ಚೆನ್ನೈನ ತಲಾ ಆದಾಯ. 2026ರ ಏಪ್ರಿಲ್–ಜೂನ್ ಅದರ ಮೊದಲ ಬೇಸಿಗೆ. ಹೊಸತನದ ನೂಕುನುಗ್ಗಲು ಅದರಲ್ಲಿ ಬೆರೆತಿರುವುದರಿಂದ, ತೂಗಿ ನೋಡಲು 2027ರ ಬೇಸಿಗೆಯ ಅಂಕಿಯೇ ಬೇಕು.